ಫ್ಯಾನಿನ ತಂತಿ, ಟರ್ಕಿಯ ಗರಿ

(ಡೊಂಬಿವಲಿಯ ನಮ್ಮ ಕನ್ನಡ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು. ಮೊಬೈಲಿನ ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಲೋಕಲ್ ಟ್ರೇನಿನ ಸದ್ದಿಗೆ ಮುಚ್ಚಿಹೋದ ಒಂದೆರಡು ಮಾತನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲಿ ಯಕ್ಷಗಾನದ ಬಗ್ಗೆ ಮಾತಾಯಿತು. ಅದರ ಹಿಂದಿನ ತಿಂಗಳು ಡಾಕ್ಟರು ಬಂದು ಶುಗರ್ ಬಗ್ಗೆ ಹೇಳಿ, ನಾವೆಲ್ಲ ಹೆದರಿಕೊಂಡೇ ಜಿಲೇಬಿ ತಿಂದೆವು. ಈ ಸಲ ನನ್ನ ಸರದಿ. ವಾಟ್ಸಾಪ್‌ನಲ್ಲಿ ಕಾರ್ಯದರ್ಶಿಗಳು 'ಗರಿಯಿಂದ ಗಾಳದ ಹುಳ ಕಟ್ಟುವ ಕಲೆ' ಅಂತ ಹಾಕಿಬಿಟ್ಟಿದ್ದರು. ಅದನ್ನು ಓದಿ ನಮ್ಮ ಮನೆಯವಳು, "ಕಲೆ ಅಂತೆ ಕಲೆ! ಜೀವಮಾನ ಇಡೀ ಫ್ಯಾನ್ ವೈಂಡಿಂಗ್ ಮಾಡಿದವರಿಗೆ" ಅಂದಳು. ಅವಳ ಮಾತು ಸುಳ್ಳಲ್ಲ. ನಾನು ಈಗ ಹೇಳುವುದರಲ್ಲಿ ಅರ್ಧಕ್ಕರ್ಧ ವೈಂಡಿಂಗೇ, ಅಂದರೆ ತಂತಿ ಸುತ್ತುವುದೇ ಇದೆ.

ನಾನು ಕುಂದಾಪುರದ ಕಡೆಯವನು. ಹೊಳೆ ಬದಿಯ ಮನೆ. ಗಾಳ ಅಂದರೆ ನಮಗೆ ಎರೆಹುಳ. ಗೊಬ್ಬರದ ಗುಂಡಿಯ ಬದಿ ಕೆದಕಿದರೆ ಚಿಪ್ಪು ತುಂಬ ಹುಳ. ಗಾಳಕ್ಕೆ ಚುಚ್ಚಿ ನೀರಿಗೆ ಹಾಕಿ ಕೂತರಾಯಿತು. ಮೀನಿಗೆ ಸುಳ್ಳು ಹುಳ ತೋರಿಸಿ ಹಿಡಿಯುವವರೂ ಇದ್ದಾರೆ ಅನ್ನೋದು ಗೊತ್ತಾಗಿದ್ದು 1994ರಲ್ಲಿ, ಮುಂಬೈಯ ಮಾಟುಂಗಾದ ನನ್ನ ಅಂಗಡಿಯಲ್ಲಿ.

ಒಬ್ಬರು ಪಾರ್ಸಿ ಅಜ್ಜ ಬಂದರು. ದಾದರ್ ಪಾರ್ಸಿ ಕಾಲೊನಿಯವರು. ನಾವು ಬಾವಾಜಿ ಅನ್ನುತ್ತಿದ್ದೆವು. ಅವರ ಕೈಯಲ್ಲಿ ಫ್ಯಾನೂ ಇಲ್ಲ, ಮಿಕ್ಸರೂ ಇಲ್ಲ. "ಕೂದಲಿಗಿಂತ ಸ್ವಲ್ಪ ದಪ್ಪ ಇರೋ ತಾಮ್ರದ ತಂತಿ, ಹತ್ತು ಗ್ರಾಂ ಕೊಡು" ಅಂದರು. 40 ಗೇಜಿನದು ಕೊಟ್ಟೆ. ಅದು 0.12 ಮಿಲಿಮೀಟರ್ ಇರುತ್ತದೆ. ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಸುತ್ತುವ ತಂತಿ. ಯಾತಕ್ಕೆ ಬಾವಾಜಿ, ಅಂತ ಕೇಳಿದೆ. ಜೇಬಿನಿಂದ ಒಂದು ಕೆಮ್ಮಿನ ಗುಳಿಗೆಯ ಟಿನ್ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಕಂದು ಬಣ್ಣದ ಸಣ್ಣ ಸಣ್ಣ ಹುಳಗಳು ಸಾಲಾಗಿ ಕೂತಿದ್ದವು. ಬಾಲ ಇತ್ತು, ಗೂನು ಬೆನ್ನಿತ್ತು. ನಾನು ಮುಟ್ಟಲು ಹೋದೆ. ಮುಳ್ಳು ಚುಚ್ಚಿತು. ಆಗ ಗೊತ್ತಾಯಿತು, ಪ್ರತಿಯೊಂದರ ಹೊಟ್ಟೆಯೊಳಗೂ ಒಂದು ಗಾಳ!

ಇದಕ್ಕೆ ಇಂಗ್ಲಿಷಿನವರು ಫ್ಲೈ ಅನ್ನುತ್ತಾರೆ. ನೊಣ ಅಂತ ಅರ್ಥ ಮಾಡಿಕೊಳ್ಳಬೇಡಿ. ಇವತ್ತು ನಾನು ಕಟ್ಟಿ ತೋರಿಸುವುದಂತೂ ಹಾರುವ ಹುಳವೇ ಅಲ್ಲ.

ಬಾವಾಜಿ ಹುಳ ಕಟ್ಟುತ್ತಿದ್ದದ್ದು ಟ್ರೌಟ್ ಹಿಡಿಯೋದಕ್ಕೆ. ಟ್ರೌಟ್ ಅನ್ನೋದು ತಣ್ಣೀರಿನ ಮೀನು. ಮುಂಬೈಯ ನಲ್ಲಿ ನೀರಿಗೆ ಹಾಕಿದರೆ ಗಂಟೆ ಹೊತ್ತು ಬದುಕುವುದೂ ಕಷ್ಟ. ನಮ್ಮ ದೇಶಕ್ಕೆ ಅದನ್ನು ತಂದವರು ಬ್ರಿಟಿಷರು. 1900ರಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆಗಳು ಕಾಶ್ಮೀರಕ್ಕೆ ಬಂದವು. ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡುವ ಕೇಂದ್ರ ಶುರುವಾಯಿತು. ಹಿಮಾಚಲದ ಕುಲ್ಲು ಕಡೆಗೆ 1909ರ ಹೊತ್ತಿಗೆ ಹೋಯಿತು. ಅಲ್ಲಿನ ನದಿಗಳಲ್ಲಿ ಅವು ಈಗ ಊರಿನವೇ ಆಗಿಬಿಟ್ಟಿವೆ, ನಾವು ಮುಂಬೈಯವರಾದ ಹಾಗೆ.

ಆ ಮೀನಿನ ಊಟದಲ್ಲಿ ಬಹುಪಾಲು ನೀರಿನೊಳಗಿನ ಮರಿಹುಳ. ಮೇಫ್ಲೈ ಅಂತ ಒಂದು ಹುಳ ಇದೆ. ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಅದರ ಆಯಸ್ಸು, ಮಳೆಗಾಲದ ಮೊದಲ ದಿನ ನಮ್ಮ ಟ್ಯೂಬ್‌ಲೈಟಿಗೆ ಮುತ್ತುವ ಈಸಲು ಹುಳದ ಹಾಗೆ. ಆದರೆ ಅದಕ್ಕೂ ಮೊದಲು ತಿಂಗಳುಗಟ್ಟಲೆ ನೀರಿನ ತಳದಲ್ಲಿ, ಕಲ್ಲಿನ ಸಂದಿಯಲ್ಲಿ ಇರುತ್ತದೆ. ರೆಕ್ಕೆ ಬಿಚ್ಚುವ ಹೊತ್ತು ಬಂದಾಗ ತಳದಿಂದ ಮೇಲಕ್ಕೆ ಈಜುತ್ತದೆ. ಮೀನು ಕಾಯುವುದು ಆ ಹೊತ್ತಿಗೇ. ಈ ಮರಿಹುಳಕ್ಕೆ ನಿಂಫ್ ಅಂತ ಹೆಸರು.

ಇಂಗ್ಲೆಂಡಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಗಿದೆ. ಹಾಲ್ಫೋರ್ಡ್ ಅಂತ ಒಬ್ಬರು, ಹುಳ ನೀರಿನ ಮೇಲೆ ತೇಲಬೇಕು, ಹಾಗೆ ಹಿಡಿದರೆ ಮಾತ್ರ ಮರ್ಯಾದೆ ಅಂದರು. ಸ್ಕ್ಯೂಸ್ ಅಂತ ಲಂಡನ್ನಿನ ವಕೀಲರು, ಮೀನು ನೀರೊಳಗೆ ತಿನ್ನುತ್ತಿದ್ದರೆ ಹುಳವನ್ನೂ ನೀರೊಳಗೇ ಕಳಿಸಬೇಕಲ್ವಾ ಅಂದರು. ಹಾಲ್ಫೋರ್ಡ್ ತೀರಿಕೊಂಡ ಮೇಲೂ ಜಗಳ ನಿಲ್ಲಲಿಲ್ಲ. 1938ರಲ್ಲಿ ಲಂಡನ್ನಿನ ಕ್ಲಬ್ಬೊಂದರಲ್ಲಿ ಇದಕ್ಕೇ ಅಂತ ಸಭೆ ಸೇರಿ ವಾದ ಮಾಡಿದರು. ನಮ್ಮಲ್ಲಿ ಯಕ್ಷಗಾನದ ತೆಂಕು ಬಡಗು ಅಂತ ಕಿತ್ತಾಡುತ್ತೇವಲ್ಲ, ಹಾಗೇ.

ಇವರಿಬ್ಬರೂ ಓದಿದವರು, ಉಳ್ಳವರು. ನನಗೆ ಹತ್ತಿರದವನು ಅನಿಸೋದು ಮೂರನೆಯವನು, ಫ್ರಾಂಕ್ ಸಾಯರ್. 1906ರಲ್ಲಿ ಹುಟ್ಟಿದವನು. ವಿಲ್ಟ್‌ಶೈರಿನ ಏವನ್ ನದಿಯ ಕಾವಲುಗಾರ. ಸೈನ್ಯದ ಅಧಿಕಾರಿಗಳು ಮೀನು ಹಿಡಿಯಲು ಬರುವ ನದಿ ಅದು. ನದಿಯ ಜೊಂಡು ಕತ್ತರಿಸುವುದು, ಕೆಸರು ತೆಗೆಯುವುದು, ಮೀನು ನೋಡಿಕೊಳ್ಳುವುದು ಅವನ ಕೆಲಸ. ಇಡೀ ದಿನ ನೀರನ್ನೇ ನೋಡುತ್ತಿದ್ದ. ನೋಡಿ ನೋಡಿ ಅವನಿಗೆ ಒಂದು ವಿಷಯ ಹೊಳೆಯಿತು. ಈಜುವಾಗ ಆ ಮರಿಹುಳ ಕಾಲುಗಳನ್ನು ಮೈಗೆ ಅಂಟಿಸಿಕೊಂಡಿರುತ್ತದೆ. ಹಾಗಾದರೆ ಗಾಳದ ಹುಳಕ್ಕೆ ಕಾಲು ಯಾಕೆ ಕಟ್ಟಬೇಕು?

ಕಾಲು ಬಿಟ್ಟ. ಆಮೇಲೆ ದಾರವನ್ನೂ ಬಿಟ್ಟ. ಆಗ ಸಾಮಾನ್ಯವಾಗಿ ಫ್ಲೈ ಕಟ್ಟುತ್ತಿದ್ದದ್ದು ರೇಷ್ಮೆ ದಾರದಲ್ಲಿ. ಇವನು ದಾರದ ಬದಲು ತಾಮ್ರದ ತಂತಿಯನ್ನೇ ಹಿಡಿದ. ಕಟ್ಟಲೂ ಅದೇ, ತೂಕಕ್ಕೂ ಅದೇ, ಬಣ್ಣಕ್ಕೂ ಅದೇ. ಜೊತೆಗೆ ಫೆಸೆಂಟ್ ಅನ್ನುವ ಕಾಡುಹಕ್ಕಿಯ ಹುಂಜದ ಬಾಲದ ಗರಿ. ಎರಡೇ ಸಾಮಾನು. 1958ರಲ್ಲಿ ಅವನ ಪುಸ್ತಕ ಬಂತು, ಹುಳ ಜಗತ್ತೆಲ್ಲ ಹರಡಿತು. ಫೆಸೆಂಟ್ ಟೇಲ್ ನಿಂಫ್ ಅಂತ ಅದರ ಹೆಸರು. ಬಾವಾಜಿಯ ಟಿನ್ನಿನಲ್ಲಿ ಇದ್ದದ್ದು ಅದೇ.

ಈಗ ಕಟ್ಟೋಣ. ಮೊಬೈಲ್ ಕ್ಯಾಮೆರಾ ಇಲ್ಲಿಗೆ ತಿರುಗಿಸಪ್ಪ. ಹಿಂದಿನವರಿಗೆ ಟಿವಿಯಲ್ಲಿ ಕಾಣಿಸ್ತಾ ಇದೆಯಾ? ಸರಿ.

ಇದು 14 ನಂಬರಿನ ಗಾಳ. ನಂಬರ್ ಜಾಸ್ತಿಯಾದಷ್ಟೂ ಗಾಳ ಸಣ್ಣದು. ನಮ್ಮ ತಂತಿಯ ಗೇಜೂ ಹಾಗೇ, ಹಾಗಾಗಿ ನನಗೆ ಇದು ತಕ್ಷಣ ತಲೆಗೆ ಹೋಯಿತು. ಇದರ ನೇರ ಭಾಗ ಒಂದು ಸೆಂಟಿಮೀಟರ್ ಕೂಡ ಇಲ್ಲ. ವೈಸಿನಲ್ಲಿ, ಅಂದರೆ ಬಿಗಿಯಾಗಿ ಹಿಡಿದಿಡುವ ಇಕ್ಕಳದಲ್ಲಿ, ಸಿಕ್ಕಿಸಿದ್ದೇನೆ. ಅಂಗಡಿಯ ವೈಸ್ ಅಲ್ಲ, ಅದರ ಮೊಮ್ಮಗು.

ತಂತಿಯನ್ನು ಗಾಳದ ಕಣ್ಣಿನ, ಅಂದರೆ ನೂಲು ಪೋಣಿಸುವ ತೂತಿನ, ಹಿಂದೆ ಹಿಡಿದು, ಒಂದಕ್ಕೊಂದು ತಾಗುವ ಹಾಗೆ ಹಿಂದಕ್ಕೆ ಸುತ್ತುತ್ತಾ ಹೋಗಬೇಕು. ಬೆರಳಿನಲ್ಲಿ ಬಿಗಿ ಗೊತ್ತಿರಬೇಕು. ಜಾಸ್ತಿ ಎಳೆದರೆ 40 ಗೇಜ್ ಮೊದಲು ಹಿಗ್ಗುತ್ತದೆ, ಆಮೇಲೆ ಟಕ್ ಅನ್ನುತ್ತದೆ. ಸಡಿಲ ಬಿಟ್ಟರೆ ಇಡೀ ಸುತ್ತು ತಿರುಗಿಬಿಡುತ್ತದೆ. ಈಗ ಎದೆಯ ಹತ್ತಿರ, ಅಂದರೆ ಮುಂದಿನ ಮೂರನೇ ಒಂದು ಭಾಗದಲ್ಲಿ, ಮೇಲಿಂದ ಮೇಲೆ ಇನ್ನೊಂದಿಷ್ಟು ಸುತ್ತು. ನೋಡಿ, ಗೂನು ಬಂತು. ಹುಳ ತಲೆ ಕೆಳಗಾಗಿ ಮುಳುಗಬೇಕಾದರೆ ಈ ಗೂನು ಬೇಕು. ತಂತಿಯನ್ನು ಮತ್ತೆ ಹಿಂದಕ್ಕೆ, ಗಾಳ ಬಗ್ಗುವ ಜಾಗಕ್ಕೆ ತನ್ನಿ.

ಈಗ ಗರಿ. ನಮ್ಮಲ್ಲಿ ಆ ಫೆಸೆಂಟ್ ಹುಂಜ ಸಿಗೋದಿಲ್ಲ. ಹಿಮಾಲಯದಲ್ಲಿರುವ ಅದರ ನೆಂಟರನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಟರ್ಕಿ ಕೋಳಿ. ಕ್ರಿಸ್‌ಮಸ್ ಹೊತ್ತಿಗೆ ನನ್ನ ಪರಿಚಯದ ಕೋಳಿ ಅಂಗಡಿಯವನು ಬಾಲದ ಗರಿಗಳನ್ನು ಎತ್ತಿಡುತ್ತಾನೆ. "ಮಾಂಸ ಬಿಟ್ಟು ಗರಿ ಒಯ್ಯೋ ಗಿರಾಕಿ ನೀವೊಬ್ಬರೇ" ಅಂತ ನಗುತ್ತಾನೆ. ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿ ಇಡುತ್ತೇನೆ. ಗರಿಯಲ್ಲಿ ಹೇನು, ನುಸಿ ಇದ್ದರೆ ಸಾಯಲಿ ಅಂತ. ಬಟಾಣಿ ಚೀಲದ ಪಕ್ಕದಲ್ಲಿ ಇಟ್ಟಿದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತು ನಿಂತಿತ್ತು. ಅದು ಬೇರೆ ಕತೆ.

ಗರಿಯ ದಂಟಿನಿಂದ ನಾಲ್ಕು ಎಳೆ. ಕತ್ತರಿಸುವ ಮೊದಲು ಎಳೆಗಳನ್ನು ದಂಟಿಗೆ ಅಡ್ಡವಾಗಿ ಹೊರಳಿಸಿ ಹಿಡಿಯಿರಿ, ತುದಿಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ. ಆ ತುದಿಗಳೇ ಬಾಲ. ಮೂರು ಮಿಲಿಮೀಟರ್ ಹೊರಗೆ ಬಿಟ್ಟು ತಂತಿಯಿಂದ ಕಟ್ಟಿ.

ಇನ್ನು ಬರುವುದೇ ನನಗೆ ಭಾರೀ ಇಷ್ಟದ ಭಾಗ. ನಾಲ್ಕು ಎಳೆಯನ್ನೂ ತಂತಿಯನ್ನೂ ಒಟ್ಟಿಗೆ ಹಿಡಿದು ಹೊಸೆಯಬೇಕು. ಅಮ್ಮ ಎಳ್ಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರಲ್ಲ, ಹಾಗೆ. ಸುಮ್ನೆ ಗರಿಯನ್ನು ಸುತ್ತಿದರೆ ಮೀನಿನ ಹಲ್ಲು ತಾಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ತಂತಿಯ ಜೊತೆ ಹೊಸೆದರೆ ಒಂದು ಎಳೆ ತುಂಡಾದರೂ ಉಳಿದದ್ದು ಗಟ್ಟಿ ನಿಲ್ಲುತ್ತದೆ. ಟರ್ಕಿಯ ಎಳೆ ಸ್ವಲ್ಪ ಒರಟು, ಒಣಗಿದ್ದರೆ ಮುರಿಯುತ್ತದೆ. ಬೆರಳು ಒದ್ದೆ ಮಾಡಿಕೊಳ್ಳಿ. ಈಗ ಈ ಹುರಿಯನ್ನು ಮುಂದಕ್ಕೆ ಸುತ್ತುತ್ತಾ ಬನ್ನಿ. ನೋಡಿ, ಕಂದು ಗರಿ, ನಡುನಡುವೆ ತಾಮ್ರದ ಮಿಂಚು. ನೀರಿಗೆ ಬಿದ್ದಾಗ ಗರಿ ಒದ್ದೆಯಾಗಿ ಒಳಗಿನ ತಾಮ್ರ ಇನ್ನೂ ಜಾಸ್ತಿ ಕಾಣುತ್ತದೆ.

ಕಣ್ಣಿನ ಹತ್ತಿರ ಬಂದ ಮೇಲೆ ಎಳೆಯನ್ನೂ ತಂತಿಯನ್ನೂ ಬಿಡಿಸಿ. ತಂತಿಯನ್ನು ಗೂನಿನ ಹಿಂದಕ್ಕೆ ಒಯ್ಯಿರಿ. ಎಳೆಗಳನ್ನು ಗೂನಿನ ಮೇಲಿಂದ ಹಿಂದಕ್ಕೆ ಮಡಚಿ ಕಟ್ಟಿ. ತಂತಿ ಮುಂದಕ್ಕೆ, ಎಳೆ ಮುಂದಕ್ಕೆ ಮಡಚಿ ಮತ್ತೆ ಕಟ್ಟಿ. ಉದ್ದ ಉಳಿದಿದ್ದರೆ ಇನ್ನೊಮ್ಮೆ. ರೆಕ್ಕೆ ಒಡೆಯುವ ಮೊದಲು ಹುಳದ ಬೆನ್ನು ಕಪ್ಪಗೆ ಉಬ್ಬಿರುತ್ತದೆ, ಇದು ಅದು. ಕೊನೆಗೆ ಎರಡು ಕುಣಿಕೆ ಹಾಕಿ ಬಿಗಿಯಿರಿ. ತಂತಿಗೆ ಕತ್ತರಿ ಹಾಕಬೇಡಿ. ಹೀಗೆ ಗಿರಗಿರ ಅಲ್ಲಾಡಿಸಿ, ತಾನೇ ಬುಡದಲ್ಲಿ ತುಂಡಾಗುತ್ತದೆ. ಇಷ್ಟೇ. ಐದು ನಿಮಿಷ ಆಯ್ತಾ? ಮಾತಾಡದಿದ್ದರೆ ಮೂರು.

ನೋಡುವಾಗ ಸುಲಭ ಅನಿಸಿತಲ್ವಾ? ನನ್ನ ಮೊದಲ ಹುಳಗಳ ಕತೆ ಕೇಳಿ. ಬಾವಾಜಿ ಎರಡು ಗಾಳ, ಒಂದು ಗರಿ ಕೊಟ್ಟು, ನೀನೂ ನೋಡು ಅಂದಿದ್ದರು. ಅಂಗಡಿಯಲ್ಲಿ ಸೀಲಿಂಗ್ ಫ್ಯಾನಿನದು ಉಳಿದ 36 ಗೇಜ್ ತಂತಿ ಬಿದ್ದಿತ್ತು. ನನಗೆ ಸೊಕ್ಕು. ದಿನಕ್ಕೆ ಸಾವಿರಗಟ್ಟಲೆ ಸುತ್ತು ಹಾಕುವವನಿಗೆ ಇದೇನು ಮಹಾ? ಪದರದ ಮೇಲೆ ಪದರ, ಒಂದು ಸುತ್ತು ಆಚೀಚೆ ಆಗದ ಹಾಗೆ ಸುತ್ತಿದೆ. ಮೇಲೆ ಒಂದು ಹನಿ ವಾರ್ನಿಶನ್ನೂ ಹಾಕಿದೆ. ಬಾವಾಜಿ ಕನ್ನಡಕ ಏರಿಸಿ ನೋಡಿದರು. ಅಂಗೈಯಲ್ಲಿಟ್ಟು ತೂಗಿದರು. "ಡಿಕ್ರಾ, ಇದು ಆರ್ಮೇಚರ್" ಅಂದರು. ಡಿಕ್ರಾ ಅಂದರೆ ಮಗನೇ. ಆರ್ಮೇಚರ್ ಅಂದರೆ ಮೋಟರಿನೊಳಗೆ ತಂತಿ ಸುತ್ತಿದ ಭಾಗ.

ಆಮೇಲೆ ಚಹಾದ ಗ್ಲಾಸಿನಲ್ಲಿ ನೀರು ತರಿಸಿ ನನ್ನದನ್ನೂ ಅವರದನ್ನೂ ಹಾಕಿದರು. ನನ್ನದು ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತಿತು. ಅವರದು ತಲೆ ಕೆಳಗೆ ಮಾಡಿಕೊಂಡು, ಓರೆಯಾಗಿ, ಪುರುಸೊತ್ತಿನಲ್ಲಿ ಇಳಿಯಿತು. ಗಾಳಕ್ಕೆ ಕಟ್ಟಿದ್ದ ನೂಲನ್ನು ಬೆರಳಲ್ಲಿ ಮೆಲ್ಲಗೆ ಎತ್ತಿದರು. ಹುಳ ತಲೆ ಎತ್ತಿ ಮೇಲಕ್ಕೆ ಈಜಿತು. ನಿಜವಾಗಿ ಈಜಿತು ಅನ್ನುತ್ತೇನೆ. ಚಹಾ ಕೊಡಲು ಬಂದ ಹುಡುಗ ಕೆಟಲ್ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ.

ನಾನು ಆ ದಿನದವರೆಗೆ ಹುಳ ಹುಳದ ಹಾಗೆ ಕಾಣಬೇಕು ಅಂದುಕೊಂಡಿದ್ದೆ. ಮೀನು ಮೊದಲು ನೋಡೋದು ಅದು ಹೇಗೆ ಇಳಿಯುತ್ತದೆ, ಹೇಗೆ ಏಳುತ್ತದೆ ಅನ್ನೋದನ್ನು. ಸಾಯರ್ ಹೇಳಿಕೊಟ್ಟ ಉಪಾಯವೂ ಅದೇ. ಹುಳ ಮೀನಿನ ಮುಂದೆ ಬರುವ ಹೊತ್ತಿಗೆ ಕೋಲಿನ ತುದಿಯನ್ನು ಸ್ವಲ್ಪವೇ ಎತ್ತುವುದು. ಊಟ ತಪ್ಪಿಸಿಕೊಂಡು ಹೋಗ್ತಾ ಇದೆ ಅಂತ ಮೀನಿಗೆ ಅನಿಸಬೇಕು. ಸೇಲ್ ಕೊನೆಯ ದಿನ ಅಂತ ಬೋರ್ಡ್ ಹಾಕಿದರೆ ನಾವು ಹೋಗಲ್ವಾ?

ಇದಕ್ಕಿಂತ ಮಜಾ ಇನ್ನೊಂದಿದೆ. ಸಾಯರನ ಊರಿನವನೇ ಆದ ಆಲಿವರ್ ಕೈಟ್ ಅನ್ನುವವನು ಗರಿಯನ್ನೂ ಬಿಟ್ಟುಬಿಟ್ಟ. ಬರೀ ಗಾಳ, ಎದೆಯ ಜಾಗದಲ್ಲಿ ತಾಮ್ರದ ತಂತಿಯ ಗೂನು, ಅಷ್ಟೇ. ಅದರಲ್ಲೂ ಟ್ರೌಟ್ ಹಿಡಿದು ತೋರಿಸಿದ. ಇದನ್ನು ಕೇಳಿದ ದಿನ ನಾನು ಮನೆಯವಳಿಗೆ ಹೇಳಿದೆ, ನೋಡು, ಮೀನು ಕಚ್ಚೋದು ವೈಂಡಿಂಗಿಗೇ! ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

ಹಾಗಂತ ಗರಿಯ ಹುಚ್ಚು ಸಣ್ಣದಲ್ಲ. ಸಾಲ್ಮನ್ ಮೀನಿಗೆ ಅಂತ ಕಟ್ಟುವ ಹಳೆಯ ಕಾಲದ ಫ್ಲೈಗಳಿವೆ. ಒಂದೊಂದಕ್ಕೂ ಹಲವು ದೇಶದ ಹಕ್ಕಿಗಳ ಗರಿ ಬೇಕು. ನಮ್ಮ ಘಟ್ಟದ ಕಾಡುಕೋಳಿ ಗೊತ್ತಲ್ಲ, ಬೂದು ಬಣ್ಣದ್ದು? ಅದರ ಹುಂಜದ ಕುತ್ತಿಗೆಯ ಗರಿಯಲ್ಲಿ ಮೇಣ ತೊಟ್ಟಿಕ್ಕಿದ ಹಾಗೆ ಹಳದಿ ಬಿಳಿ ಚುಕ್ಕೆ ಇರುತ್ತದೆ. ಆ ಚುಕ್ಕೆಗೋಸ್ಕರ ನಮ್ಮ ಕಾಡಿನ ಎಷ್ಟು ಹುಂಜಗಳು ಹಡಗು ಹತ್ತಿದವೋ. ಈಗ 1972ರ ವನ್ಯಜೀವಿ ಕಾಯ್ದೆ ಇದೆ, ಅದನ್ನು ಕೊಂದರೆ ಜೈಲು. ಊರಿಗೆ ಹೋದಾಗ ಯಾರಾದರೂ ಗರಿ ತಂದುಕೊಡ್ತೇನೆ ಅಂದರೆ ಕೈಮುಗಿದು ಬೇಡ ಅನ್ನಿ. ಇಂಗ್ಲೆಂಡಿನ ಟ್ರಿಂಗ್ ಅನ್ನುವ ಊರಿನ ಮ್ಯೂಸಿಯಮ್ಮಿನಲ್ಲಿ 2009ರಲ್ಲಿ ಕಳವಾಯಿತು. ಹೋದದ್ದು ಬಂಗಾರ ಅಲ್ಲ, 299 ಹಕ್ಕಿಗಳ ಚರ್ಮ. ನೂರೈವತ್ತು ವರ್ಷದ ಹಿಂದೆ ವ್ಯಾಲೆಸ್ ಅನ್ನುವ ದೊಡ್ಡ ವಿಜ್ಞಾನಿ ಕಾಡು ಅಲೆದು ತಂದವೂ ಅದರಲ್ಲಿದ್ದವು. ಕದ್ದವನು ಕೊಳಲು ಕಲಿಯುತ್ತಿದ್ದ ಹುಡುಗ. ಗರಿ ಬೇಕಾಗಿದ್ದದ್ದು ಈ ಫ್ಲೈ ಕಟ್ಟುವವರಿಗೆ. ಅವರು ಕಟ್ಟುವ ಫ್ಲೈಗಳಲ್ಲಿ ಹೆಚ್ಚಿನವು ನೀರನ್ನೇ ಕಾಣುವುದಿಲ್ಲ, ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ ಹೋಗುತ್ತವೆ. ನನಗೆ ಇದು ಯಾಕೋ ಸರಿ ಬರುವುದಿಲ್ಲ. ನದಿ ಕಾಯುವವನ ಎರಡು ಸಾಮಾನಿನ ಹುಳವೇ ವಾಸಿ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಮೊದಲು ಕೈ ಎತ್ತಿದ್ದು ಹಿಂದಿನ ಸಾಲಿನ ಅಕ್ಕ. "ಅಣ್ಣಾ, ಇಷ್ಟೆಲ್ಲ ಕಟ್ಟಿದಿರಿ. ನೀವು ಒಂದಾದರೂ ಮೀನು ಹಿಡಿದಿದ್ದೀರಾ?"

ಹಿಡಿದಿದ್ದೇನೆ ಅಕ್ಕ. ಒಂದೇ ಒಂದು. 2011ರ ಮೇ ತಿಂಗಳು, ಹಿಮಾಚಲದ ತೀರ್ಥನ್ ನದಿಯಲ್ಲಿ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಮಾಡಿಸಿಕೊಂಡು ಹೋಗಬೇಕು. ನವೆಂಬರಿನಿಂದ ಫೆಬ್ರುವರಿವರೆಗೆ ಮೊಟ್ಟೆ ಇಡುವ ಕಾಲ, ಆಗ ಹಿಡಿಯುವ ಹಾಗಿಲ್ಲ. ನೀರಿಗೆ ಕಾಲಿಟ್ಟೆ. ಕುಂದಾಪುರದ ಹೊಳೆಯಲ್ಲಿ ಬೆಳೆದವನಿಗೆ ಅದು ನೀರು ಅಂತಲೇ ಅನಿಸಲಿಲ್ಲ. ಹತ್ತು ನಿಮಿಷಕ್ಕೆ ಪಾದ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಜೊತೆಗಿದ್ದ ಅಲ್ಲಿನ ಹುಡುಗ ಒಂದು ದೊಡ್ಡ ಬಂಡೆಯ ಮುಂದೆ ಹಾಕಿ ಅಂದ. ಮೂರು ಸಲ ಹಾಕಿದೆ, ಏನೂ ಇಲ್ಲ. ನಾಲ್ಕನೇ ಸಲ ಬಾವಾಜಿಯ ಚಹಾ ಗ್ಲಾಸ್ ನೆನಪಾಯಿತು. ಕೋಲಿನ ತುದಿ ಸ್ವಲ್ಪ ಎತ್ತಿದೆ. ನೂಲು ಒಮ್ಮೆ ನಿಂತಿತು. ಜಗ್ಗಲೂ ಇಲ್ಲ, ನಿಂತಿತು ಅಷ್ಟೇ. ಕೈ ಮೇಲಕ್ಕೆ ಹೋಯಿತು, ಮೀನು ಅಲ್ಲಿತ್ತು.

ಒಂಬತ್ತು ಇಂಚು ಇದ್ದೀತು. ಮೈ ಮೇಲೆ ಕುಂಕುಮದ ಬೊಟ್ಟು ಇಟ್ಟ ಹಾಗೆ ಕೆಂಪು ಚುಕ್ಕೆ, ಸುತ್ತ ತೆಳು ಬಿಳಿ ಉಂಗುರ. ಕೈ ಒದ್ದೆ ಮಾಡಿಕೊಂಡೇ ಹಿಡಿಯಬೇಕು, ಒಣ ಕೈ ತಾಗಿದರೆ ಅದರ ಮೈಯ ಲೋಳೆ ಹೋಗುತ್ತದೆ. ಗಾಳ ಬಿಡಿಸಿ ನೀರಿನಲ್ಲಿ ಹಿಡಿದುಕೊಂಡೆ. ಕಿವಿರು ನಾಲ್ಕು ಸಲ ಆಡಿತು. ಹೊರಟು ಹೋಯಿತು.

"ಬಿಟ್ಟುಬಿಟ್ರಾ?" ಅಂತ ಸಭೆಯಲ್ಲಿ ಮೂರು ನಾಲ್ಕು ಜನ ಒಟ್ಟಿಗೆ ಕೇಳಿದರು. ಮಂಗಳೂರು ಕಡೆಯವರು ಜಾಸ್ತಿ ಇರುವ ಸಭೆ, ಬೇಜಾರಾಗೋದು ಸಹಜ. ಮಸಾಲೆ ನಾನು ಮುಂಬೈಯಿಂದ ತಗೊಂಡು ಹೋಗಿರಲಿಲ್ಲ ಮಾರಾಯ್ರೇ.

ಇನ್ನೊಬ್ಬ ಹುಡುಗ ಕೇಳಿದ್ದು ಲೆಕ್ಕದ ಪ್ರಶ್ನೆ. "ಮಾವ, ಒಂದು ಹುಳಕ್ಕೆ ಎಷ್ಟು ತಂತಿ ಬೇಕು?" ಒಳ್ಳೆಯ ಪ್ರಶ್ನೆ, ವೈಂಡರ್ ಕೇಳುವ ಪ್ರಶ್ನೆ. ಒಂದು ಮೊಳ ಸಾಕು. 40 ಗೇಜ್ ಹತ್ತು ಗ್ರಾಂ ಅಂದರೆ ಹೆಚ್ಚುಕಡಿಮೆ ತೊಂಬತ್ತು ಮೀಟರ್. ಇನ್ನೂರು ಹುಳ ಆಗುತ್ತದೆ. ಬಾವಾಜಿ 1994ರಲ್ಲಿ ಒಯ್ದದ್ದು ಆ ಹತ್ತು ಗ್ರಾಂ. ಮತ್ತೆ ಕೇಳಲು ಬರಲೇ ಇಲ್ಲ. ಆಗಾಗ ಬಂದು ಕೂತು ಚಹಾ ಕುಡಿದು ಹೋಗುತ್ತಿದ್ದರು, ತಂತಿ ಮಾತ್ರ ಬೇಡ ಅನ್ನುತ್ತಿದ್ದರು.

2003ರಲ್ಲಿ ಅವರ ಮಗಳು ಒಂದು ಟೇಬಲ್ ಫ್ಯಾನ್ ಹಿಡಿದುಕೊಂಡು ಬಂದರು. ಅಪ್ಪ ಹೋಗಿ ಎರಡು ತಿಂಗಳಾಯಿತು, ಅವರ ಕೋಣೆಯ ಫ್ಯಾನ್ ಇದು, ಕಾಯಿಲ್ ಸುಟ್ಟಿದೆ ಅಂದರು. ಚೀಲದಲ್ಲಿ ಆ ಟಿನ್ನೂ ಇತ್ತು. ಯಾರಿಗೆ ಕೊಡುವುದೋ ಗೊತ್ತಾಗಲಿಲ್ಲ, ನಿಮ್ಮ ಅಂಗಡಿಯ ಹೆಸರು ರೀಲಿನ ಮೇಲೆ ಇತ್ತು ಅಂದರು. ಫ್ಯಾನಿಗೆ ಹೊಸ ಕಾಯಿಲ್ ಸುತ್ತಿ ಕೊಟ್ಟೆ. ಟಿನ್ನಿನಲ್ಲಿ ಹನ್ನೊಂದು ಹುಳ ಇದ್ದವು, ಜೊತೆಗೆ ಅರ್ಧ ಖಾಲಿಯಾದ ರೀಲು. ನೀವು ಈಗ ಟಿವಿಯಲ್ಲಿ ನೋಡಿದ್ದು ಅದೇ ರೀಲಿನ ತಂತಿ. ಬಾ ಮರಿ, ಇಲ್ಲಿ ಕೂತುಕೋ. ಒಂದು ಮೊಳ ಬಿಚ್ಚು. ಜಾಸ್ತಿ ಎಳೀಬೇಡ.